ಚರ್ಮ ಕತ್ತರಿಸದೆ, ಒಳಗಿನ ರಕ್ತನಾಳ ನೋಡಿಯೇ ಸೋರಿಯಾಸಿಸ್ ಹೌದೋ ಅಲ್ಲವೋ ಹೇಳಬಹುದಾ?

ಸೋಮವಾರಪೇಟೆಯಲ್ಲಿರುವ ನಿಮ್ಮ ತಂದೆಯವರ ಮೊಣಕೈ ಮೇಲೆ ಬಿಳಿ ಹೊಟ್ಟು ಏಳುವ ಕಲೆಗಳಿವೆ, ಡಾಕ್ಟರು ಬಯಾಪ್ಸಿ (ಚರ್ಮದ ಚೂರು ತೆಗೆದು ನೋಡುವ ಪರೀಕ್ಷೆ) ಅಂದಿದ್ದಾರೆ, ಅದರ ಬದಲು ಬೆಂಗಳೂರಲ್ಲಿ ‘ಲೈಟ್ ಸ್ಕ್ಯಾನ್’ ಮಾಡಿಸಬಹುದಾ ಅಂತ ಕೇಳಿದ್ದೀರಿ. ನಾನು ಮಡಿಕೇರಿ ಕಡೆ ಚರ್ಮರೋಗ ನೋಡುವ ಡಾಕ್ಟರು. ಸ್ಕ್ಯಾನಿಗೋಸ್ಕರ ಬೆಂಗಳೂರು ಬಸ್ಸು ಹತ್ತಬೇಡಿ. ಡರ್ಮೋಸ್ಕೋಪ್ ಹಿಡಿದು ನೋಡಿದ್ದಾರಾ, ಮೊದಲು ಅದನ್ನು ಕೇಳಿ.

ಅಂಗೈಲಿ ಹಿಡಿಸುವ ಸಾಧನ ಅದು. ಚರ್ಮವನ್ನು ಸುಮಾರು 10 ಪಟ್ಟು ದೊಡ್ಡದಾಗಿ ತೋರಿಸುತ್ತೆ, ಅದರ ಪೋಲರೈಸ್ಡ್ ಬೆಳಕಿನಲ್ಲಿ ಮೇಲ್ಮೈಯ ಹೊಳಪು ಅಡ್ಡ ಬರಲ್ಲ. ಸೋರಿಯಾಸಿಸ್ ಆದರೆ ಹೊಟ್ಟಿನ ನಡುವೆ, ಕಲೆಯ ಉದ್ದಗಲಕ್ಕೂ, ಕುಂಕುಮ ಚಿಮುಕಿಸಿದ ಹಾಗೆ ಒಂದೇ ಸಮನಾಗಿ ಕೆಂಪು ಚುಕ್ಕೆ. ಒಂದೊಂದು ಚುಕ್ಕೆಯೂ ಹಿಗ್ಗಿ ತಿರುಚಿಕೊಂಡು ಮೇಲಕ್ಕೆ ಬಂದ ಸೂಕ್ಷ್ಮ ರಕ್ತನಾಳದ ತುದಿ. ಹೊಟ್ಟು ಕಿತ್ತರೆ ಸೂಜಿಮೊನೆಯಷ್ಟು ರಕ್ತ ಜಿನುಗುವುದೂ ಇದರಿಂದಲೇ. (ನೋಡಬೇಕೆಂದು ಕೀಳಬೇಡಿ!) ಇಸಬಿನಲ್ಲೂ ಚುಕ್ಕೆ ಇರುತ್ತೆ, ಆದರೆ ಅಲ್ಲೊಂದು ಇಲ್ಲೊಂದು ಗುಂಪು, ಜೊತೆಗೆ ಹಳದಿ ಹಕ್ಕಳೆ. ಸಾಧನವನ್ನು ಒತ್ತಿ ಹಿಡಿದರೆ ನಾಳಗಳಿಂದ ರಕ್ತ ಸರಿದು ಚುಕ್ಕೆಗಳೇ ಮಾಯ, ಅದಕ್ಕೆ ಹಗುರವಾಗಿ ಹಿಡಿಯಬೇಕು. ನಮ್ಮ ಕಂದು ಚರ್ಮದಲ್ಲಿ ಕೆಂಪು ಬರಿಗಣ್ಣಿಗೆ ಎದ್ದು ಕಾಣಲ್ಲವಾದ್ದರಿಂದ ಈ ನೋಟಕ್ಕೆ ಇನ್ನೂ ಬೆಲೆ ಜಾಸ್ತಿ.

ನೀವು ಓದಿರುವ ಸ್ಕ್ಯಾನ್ ಬಹುಶಃ ಓಸಿಟಿ ಆಂಜಿಯೋಗ್ರಫಿ. ಕಣ್ಣಾಸ್ಪತ್ರೆಯಲ್ಲಿ ರೆಟಿನಾ ನೋಡ್ತಾರಲ್ಲ, ಆ ಓಸಿಟಿಯೇ. 1991ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ವಿಧಾನ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಚರ್ಮದೊಳಗೆ 1–2 ಮಿಲಿಮೀಟರ್ ಹೋಗಿ ವಾಪಸ್ ಬರುತ್ತೆ. ಒಂದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿದಾಗ ಸುತ್ತಲಿನ ಚರ್ಮದ ಚಿತ್ರ ಹಾಗೇ ಇರುತ್ತೆ, ರಕ್ತಕಣ ಹರಿಯುವ ಕಡೆ ಮಾತ್ರ ಬದಲಾಗುತ್ತೆ. ಆ ವ್ಯತ್ಯಾಸವನ್ನಷ್ಟೇ ಉಳಿಸಿಕೊಂಡರೆ ನಾಳಗಳ ನಕ್ಷೆ ಸಿಕ್ಕಿತು. ಇಂಜೆಕ್ಷನ್ನೂ ಬೇಡ, ಬಣ್ಣವೂ ಬೇಡ, ಕೈ ಮಾತ್ರ ಅಲುಗಾಡಬಾರದು. ಚಿಕಿತ್ಸೆಗೆ ನಾಳಗಳು ಕುಗ್ಗುತ್ತಿವೆಯಾ ಎಂದು ಅಳೆಯಲು, ಹುಟ್ಟಿನಿಂದ ಬಂದ ಕೆಂಪು ಮಚ್ಚೆಗೆ ಲೇಸರ್ ಕೊಡುವ ಮುಂಚೆ ನಾಳದ ಆಳ ತಿಳಿಯಲು ಉಪಯೋಗ ಉಂಟು. ಚರ್ಮದ ಮಟ್ಟಿಗೆ ಇನ್ನೂ ಹೆಚ್ಚಾಗಿ ಸಂಶೋಧನೆಯದೇ ಸಾಧನ, ನಿಮ್ಮ ಪ್ರಶ್ನೆಗೆ ಅದರ ಅಗತ್ಯವಿಲ್ಲ.

ಹಾಗಂತ ಬಯಾಪ್ಸಿ ತಪ್ಪಿಸಿಕೊಳ್ಳಬೇಡಿ. ಚರ್ಮಕ್ಕೆ ಬರುವ ಒಂದು ಬಗೆಯ ಲಿಂಫೋಮಾ ಎಂಬ ಕ್ಯಾನ್ಸರಿನಲ್ಲೂ ಚುಕ್ಕೆ ನಾಳಗಳು ಕಾಣುತ್ತವೆ; ಡಾಕ್ಟರಿಗೆ ಅನುಮಾನ ಬಂದಿದ್ದರೆ ಚಿತ್ರ ಸಾಲದು, ಜೀವಕೋಶಗಳನ್ನೇ ನೋಡಬೇಕು.

ಇನ್ನೊಂದು ಮಾತು, ನಮ್ಮ ಕಡೆಯದು. ಜಡಿಮಳೆ ಹಿಡಿದರೆ ತೋಟದ ಕೆಲಸದವರಿಗೆ ಗಂಬೂಟಿನೊಳಗೆ, ತೊಡೆಸಂದಿಯಲ್ಲಿ ಹುಳುಕಡ್ಡಿ. ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಬೆರೆಸಿದ ಟ್ಯೂಬ್ ತಂದು ತಿಂಗಳುಗಟ್ಟಲೆ ಹಚ್ಚುತ್ತಾರೆ. ತುರಿಕೆ ತಗ್ಗುತ್ತೆ, ಶಿಲೀಂಧ್ರ ಹಬ್ಬುತ್ತೆ, ಕಲೆಯ ಗುರುತೇ ಸಿಗದಂತಾಗುತ್ತೆ. ಚರ್ಮ ತೆಳುವಾಗಿ ಹೊಸ ನಾಳಗಳು ಎದ್ದು ಕಾಣತೊಡಗಿದರೆ ಡರ್ಮೋಸ್ಕೋಪೂ ದಾರಿ ತಪ್ಪಿಸುತ್ತೆ. ತಂದೆಯವರು ಏನೇನು ಹಚ್ಚಿದ್ದಾರೋ, ಖಾಲಿ ಟ್ಯೂಬಾದರೂ ಸರಿ, ತೆಗೆದುಕೊಂಡು ಹೋಗಿ ತೋರಿಸಿ.

ಬಯಾಪ್ಸಿ ಅಂದರೆ ಮರಗಟ್ಟಿಸಿ 3–4 ಮಿಲಿಮೀಟರ್ ಚರ್ಮ ತೆಗೆಯುವುದು, ಒಂದೋ ಎರಡೋ ಹೊಲಿಗೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ಮೊಣಕೈ ಮಡಚುವ ಜಾಗವಾದ್ದರಿಂದ ಹೊಲಿಗೆ ಬಿಚ್ಚುವವರೆಗೆ ಕಪಾತು (ತೋಟದ ಗಿಡ ಸವರುವ ಕೆಲಸ), ಭಾರ ಎತ್ತುವುದು ಬೇಡ.