ಮೂರು-ನಾಲ್ಕು ವರ್ಷದ ಮಕ್ಕಳ ಚಲನೆಯ ಬಗ್ಗೆ ಪೋಷಕರನ್ನು ಕೇಳುವ ಪ್ರಶ್ನಾವಳಿ ಅನುವಾದಿಸಿದ್ದೇನೆ, ಅದನ್ನು ಮತ್ತೆ ಮೂಲ ಭಾಷೆಗೆ ತಿರುಗಿಸಿದ ಮರುಅನುವಾದವೂ ಮೂಲಕ್ಕೆ ಹೊಂದಿದೆ. ಮೂಲದ ಕಟ್-ಆಫ್ ಅಂಕವನ್ನೇ (ಅದಕ್ಕಿಂತ ಕಡಿಮೆ ಬಂದರೆ ತೊಂದರೆ ಇರಬಹುದು ಅನ್ನುವ ಗಡಿ) ಬಳಸಬಹುದಾ?

ಬಳಸಬೇಡಿ. ಮರುಅನುವಾದ ಹೊಂದಿತು ಅಂತ ನಾವೂ ಹೀಗೇ ಖುಷಿಪಟ್ಟಿದ್ದೆವು.

ನಮ್ಮದು ಲಿಟಲ್ ಡಿಸಿಡಿಕ್ಯೂ, ಅಂದರೆ ಚಲನೆಯ ಹೊಂದಾಣಿಕೆಯ ತೊಂದರೆ (ಡಿಸಿಡಿ) ಇರಬಹುದಾದ ಪುಟ್ಟ ಮಕ್ಕಳನ್ನು ಗುರುತಿಸುವ ಪ್ರಶ್ನಾವಳಿ. 15 ಪ್ರಶ್ನೆ, ಒಂದೊಂದಕ್ಕೂ 1ರಿಂದ 5 ಅಂಕ, ಜಾಸ್ತಿ ಬಂದಷ್ಟೂ ಒಳ್ಳೆಯದು. ಮೂಲ ಲೇಖಕರ ಅನುಮತಿ ಪಡೆದೆವು, ಅನುವಾದ ಮುಗಿಸಿದೆವು, ಶಿಶುವಿಹಾರಗಳಿಗೆ ಹಂಚಿಬಿಟ್ಟೆವು. ಹಂಚುವ ಮುಂಚೆ ಒಬ್ಬ ತಾಯಿಯ ಪಕ್ಕದಲ್ಲಾದರೂ ಕೂತು ಆಕೆ ಹೇಗೆ ತುಂಬುತ್ತಾರೆ ಅಂತ ನೋಡಲಿಲ್ಲ. ಎಡವಿದ್ದು ಅಲ್ಲೇ.

ಫಾರ್ಮ್ ವಾಪಸ್ ಬಂದಾಗ ಸುಮಾರು ಅರ್ಧ ಮಕ್ಕಳು ಕಟ್-ಆಫ್‌ಗಿಂತ ಕೆಳಗೆ! ಶಾಲೆಗೆ ಹೋಗುವ ವಯಸ್ಸಿನಲ್ಲೇ ಈ ತೊಂದರೆ ನೂರಕ್ಕೆ 5–6 ಮಕ್ಕಳಲ್ಲಿ ಅಂತ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5 ಹೇಳುತ್ತದೆ. ಆಗ ಒಬ್ಬ ತಾಯಿಯನ್ನು ಕರೆದು, ಮನಸ್ಸಿಗೆ ಬಂದಿದ್ದನ್ನು ಬಾಯಿಬಿಟ್ಟು ಹೇಳುತ್ತಾ ತುಂಬಿ ಅಂದೆ. ಚೆಂಡು ಹಿಡಿಯುವ ಪ್ರಶ್ನೆ ಬಂತು. "ಮನೇಲಿ ಚೆಂಡೇ ಇಲ್ಲ ಮೇಡಂ, ಕೆಳಗಿನ ಮನೆಯವರು ಬೈತಾರೆ" ಅಂತ 1ಕ್ಕೆ ಸುತ್ತು ಹಾಕಿದರು. ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಿ ಅಂತ ಫಾರ್ಮ್ ಹೇಳುತ್ತದೆ. ಯಾರ ಜೊತೆ ಹೋಲಿಸಿದ್ರಿ ಅಂತ ಕೇಳಿದೆ. "ಇವನ ಅಕ್ಕನ ಜೊತೆ." ಅಕ್ಕ ಆಗಲೇ ಒಂದನೇ ತರಗತಿ. ನಾನು ಕಾಗದ ಉಂಡೆ ಮಾಡಿ ಹುಡುಗನ ಕಡೆ ಎಸೆದೆ. ಮೊದಲು ಕಣ್ಣು ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಎರಡೂ ಕೈಯಿಂದ ಎದೆಗೆ ಅವಚಿ ಹಿಡಿಯತೊಡಗಿದ. ಆ ವಯಸ್ಸಿಗೆ ಅಷ್ಟು ಸಾಕಲ್ವಾ?

ನಾವು ಅಳೆದಿದ್ದು ಮನೆಯಲ್ಲಿ ಚೆಂಡು ಇದೆಯಾ ಅನ್ನೋದನ್ನ. ಆ ಫಾರ್ಮೆಲ್ಲಾ ರದ್ದಿಗೆ ಹೋಯಿತು. ಅದಕ್ಕಿಂತ ಬೇಜಾರೆಂದರೆ ಕೆಲವು ಪೋಷಕರಿಗೆ ಸುಮ್ನೆ ಗಾಬರಿ ಹುಟ್ಟಿಸಿದ್ದೆವು.

ಹಾಗಾಗಿ ಕಟ್-ಆಫ್ ಆಮೇಲೆ. ಮೊದಲು ಪೋಷಕರ ಜೊತೆ ಕೂರಿ, ಓದು ಕಡಿಮೆ ಇರುವವರ ಜೊತೆಗೂ. "ಇನ್ನೂ ಮಾಡುವ ಅವಕಾಶ ಸಿಕ್ಕಿಲ್ಲ" ಅನ್ನುವ ಉತ್ತರಕ್ಕೆ ಜಾಗ ಬೇಕು. ಅದರಿಂದ ಅಂಕದ ಲೆಕ್ಕ ಬದಲಾಗುತ್ತದೆ, ಲೇಖಕರನ್ನು ಕೇಳಿಯೇ ಸೇರಿಸಿ. ಆಮೇಲೆ ಮೂವ್‌ಮೆಂಟ್ ಎಬಿಸಿ-2 ಥರದ, ಮಗುವಿನ ಕೈಯಲ್ಲೇ ಚಟುವಟಿಕೆ ಮಾಡಿಸಿ ನೋಡುವ ನೇರ ಪರೀಕ್ಷೆ ಮಾಡಿ, ನಿಮ್ಮದೇ ಕಟ್-ಆಫ್ ಕಂಡುಕೊಳ್ಳಿ. ಕಡಿಮೆ ಅಂಕದ ಮಕ್ಕಳನ್ನಷ್ಟೇ ಪರೀಕ್ಷಿಸಬೇಡಿ. ಒಳ್ಳೆ ಅಂಕ ಬಂದವರಲ್ಲೂ ಕೆಲವರನ್ನು ನೋಡಿ, ಇಲ್ಲದಿದ್ದರೆ ತೊಂದರೆ ಇದ್ದೂ ಪ್ರಶ್ನಾವಳಿಯ ಕಣ್ಣಿಗೆ ಬೀಳದ ಮಕ್ಕಳು ಯಾರೆಂದೇ ತಿಳಿಯೋದಿಲ್ಲ.

ಇನ್ನೊಂದು. ಸಾಮಾನ್ಯವಾಗಿ 5 ವರ್ಷಕ್ಕೆ ಮೊದಲು ಈ ತೊಂದರೆ ಇದೆ ಅಂತ ನಿರ್ಧರಿಸೋದಿಲ್ಲ. ಪೋಷಕರಿಗೆ ಕೊಡುವ ಕಾಗದದಲ್ಲಿ ಕಾಯಿಲೆಯ ಹೆಸರು ಬೇಡ. ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂತ ಬರೆಯಿರಿ, ಯಾವಾಗ, ಎಲ್ಲಿಗೆ ಬರಬೇಕು ಅನ್ನೋದನ್ನೂ ಬರೆಯಿರಿ.