ಕಂಪನಿಯ ಮೇಲ್ ಸರ್ವರ್‌ಗೆ ಬರುವ ಸ್ಪ್ಯಾಮ್ ತಡೆಯೋದು ಹೇಗೆ?

ಮೇಲ್ ಒಪ್ಪಿಕೊಳ್ಳುವ ಮೊದಲೇ, ಬಾಗಿಲಲ್ಲೇ ವಾಪಸ್ ಕಳಿಸಿ. ಅಂದರೆ ಕಳಿಸುವ ಸರ್ವರ್ ಇನ್ನೂ ಲೈನಿನಲ್ಲಿ ಇರುವಾಗಲೇ ನಿಮ್ಮ ಸರ್ವರ್ ‘ಬೇಡ’ ಅನ್ನಬೇಕು.

ಕಾರಣ ಇಷ್ಟೇ: ಕಳಿಸಿದವರ ವಿಳಾಸವನ್ನು ಯಾರು ಬೇಕಾದರೂ ಸುಳ್ಳು ಬರೆಯಬಹುದು. ನೀವು ಮೇಲ್ ತಗೊಂಡು, ಆಮೇಲೆ ‘ಈ ಹೆಸರಿನವರು ಇಲ್ಲಿಲ್ಲ’ ಅಂತ ವಾಪಸ್ ಮಾಡಿದರೆ, ಅದು ಹೋಗಿ ಬೀಳೋದು ಏನೂ ಅರಿಯದ ಇನ್ಯಾರದ್ದೋ ಇನ್‌ಬಾಕ್ಸಿಗೆ. ಇಂಥದ್ದು ಜಾಸ್ತಿ ಆದರೆ ನಿಮ್ಮ ಸರ್ವರೇ ಕಪ್ಪುಪಟ್ಟಿಗೆ ಸೇರಬಹುದು. ಲೈನಿನಲ್ಲಿ ಇರುವಾಗಲೇ 550 (‘ಈ ಮೇಲ್ ತಗೊಳ್ಳಲ್ಲ’ ಅನ್ನುವ ಕೋಡ್) ಅಂತ ಉತ್ತರ ಕೊಟ್ಟರೆ ಆ ತಲೆನೋವು ಕಳಿಸಿದವರದ್ದು.

ಮೊದಲು ಕಳಿಸುವ ಸರ್ವರಿನ ಐಪಿ ವಿಳಾಸ ನೋಡಿ. ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಸರ್ವರ್ ಸಾಫ್ಟ್‌ವೇರ್ ಬಳಸುತ್ತಿದ್ದರೆ, ಅದಕ್ಕೆ ಸ್ಪ್ಯಾಮ್‌ಹೌಸ್ ಸಂಸ್ಥೆಯ ಜೆನ್ ಅನ್ನೋ ಐಪಿಗಳ ಕಪ್ಪುಪಟ್ಟಿ ಸೇರಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ: ಐಪಿ ಈ ಪಟ್ಟಿಯಲ್ಲಿದೆಯಾ ಅಂತ ಕೇಳೋದು ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಮೂಲಕ, ಅದನ್ನು 8.8.8.8ನಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ ಸರಿಯಾದ ಉತ್ತರ ಕೊಡಲ್ಲ. ಸರ್ವರಿನಲ್ಲೇ ಅನ್‌ಬೌಂಡ್‌ನಂಥ ಸ್ವಂತ ರಿಸಾಲ್ವರ್ (ಡಿಎನ್‌ಎಸ್ ಉತ್ತರ ಹುಡುಕಿ ತರುವ ಪ್ರೋಗ್ರಾಂ) ಇಟ್ಟುಕೊಳ್ಳಿ.

ಮುಂದಿನದು ಗ್ರೇಲಿಸ್ಟಿಂಗ್. ಗೊತ್ತಿಲ್ಲದ ಸರ್ವರ್ ಬಂದರೆ ‘ಸ್ವಲ್ಪ ಹೊತ್ತು ಬಿಟ್ಟು ಬಾ’ ಅನ್ನೋದು. ನಿಜವಾದ ಸರ್ವರ್ ಮತ್ತೆ ಬರುತ್ತೆ, ಸ್ಪ್ಯಾಮ್ ಕಳಿಸುವ ಎಷ್ಟೋ ಪ್ರೋಗ್ರಾಂಗಳು ಬರಲ್ಲ. ಪೋಸ್ಟ್‌ಫಿಕ್ಸ್‌ಗೆ ಗ್ರೇಲಿಸ್ಟಿಂಗ್ ಮಾಡಿಕೊಡುವ ಪೋಸ್ಟ್‌ಗ್ರೇನಲ್ಲಿ ಈ ಕಾಯುವಿಕೆ ಮಾಮೂಲಾಗಿ 300 ಸೆಕೆಂಡ್. ಆದರೆ ಮೇಲ್‌ಗೆ ಬರುವ ಓಟಿಪಿ ಅಷ್ಟು ತಡವಾದರೆ ಕೆಲಸಕ್ಕೆ ಬರಲ್ಲ, ಅಲ್ವಾ? ಹಾಗಾಗಿ ಅನುಮಾನ ಬಂದ ಮೇಲ್‌ಗಷ್ಟೇ ಇದನ್ನು ಹಚ್ಚುವುದು ಒಳ್ಳೆಯದು. ಆರ್‌ಸ್ಪ್ಯಾಮ್‌ಡಿ ಅನ್ನೋ ಸ್ಪ್ಯಾಮ್ ಫಿಲ್ಟರ್ ಅದನ್ನೇ ಮಾಡುತ್ತೆ, ಎಸ್‌ಪಿಎಫ್ (ಆ ಡೊಮೇನ್ ಪರವಾಗಿ ಮೇಲ್ ಕಳಿಸಲು ಆ ಸರ್ವರಿಗೆ ಅನುಮತಿ ಇದೆಯಾ ಅನ್ನೋದು), ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ) ಎರಡನ್ನೂ ಅದೇ ನೋಡಿಕೊಳ್ಳುತ್ತೆ.

ಖಚಿತ ಇಲ್ಲದ್ದನ್ನು ಜಂಕ್ ಫೋಲ್ಡರಿಗೆ ಹಾಕಿ, ಸುಮ್ನೆ ಅಳಿಸಬೇಡಿ. ಅದರಲ್ಲಿ ಯಾವುದೋ ಪರ್ಚೇಸ್ ಆರ್ಡರ್ ಇರಬಹುದು.