ಧೂಳಿನ ರಿಪೋರ್ಟಿನ 0.99 ನಂಬಬಹುದಾ?

ಪ್ರಶ್ನೆ: ಮೇಡಂ, ಜಿಗಣಿಯ ಗ್ರಾನೈಟ್ ಕಟಿಂಗ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಧೂಳಿನ ಪರೀಕ್ಷೆ ಮಾಡಿಸಿದೆವು. ಇನ್‌ಫ್ರಾರೆಡ್‌ನಲ್ಲಿ ಸಿಲಿಕಾ ಅಳೆದಿದ್ದಾರೆ, ಕ್ಯಾಲಿಬ್ರೇಷನ್ 0.99 ಅಂತ ಬರೆದಿದ್ದಾರೆ. ಸುಮ್ನೆ ಧೂಳು ತೂಕ ಮಾಡಿದ್ರೆ ಸಾಲದಾ? ಈ ರಿಪೋರ್ಟ್ ನಂಬಬಹುದಾ?

ಉತ್ತರ: ತೂಕ ಸಾಲದು. ಗ್ರಾನೈಟ್ ಧೂಳಿನಲ್ಲಿ ಫೆಲ್ಡ್‌ಸ್ಪಾರ್, ಅಭ್ರಕ ಎಲ್ಲಾ ಇರುತ್ತೆ. ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುವುದು ಅದರಲ್ಲಿರುವ ಕ್ವಾರ್ಟ್ಜ್, ಅಂದರೆ ಹರಳು ರೂಪದ ಸಿಲಿಕಾ. 1948ರ ಕಾರ್ಖಾನೆ ಕಾಯ್ದೆ ಇಟ್ಟಿದ್ದ ಮಿತಿಯೂ ಅದನ್ನೇ ಹಿಡಿದಿತ್ತು. ಕ್ವಾರ್ಟ್ಜ್ ಶೇಕಡಾವಾರಿಗೆ 2 ಕೂಡಿಸಿ, 10ನ್ನು ಅದರಿಂದ ಭಾಗಿಸಿ. ಆ ಲೆಕ್ಕದಲ್ಲಿ ಶೇ 28 ಇದ್ದರೆ, ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಧೂಳು ಘನಮೀಟರ್‌ಗೆ 0.33 ಮಿಲಿಗ್ರಾಂ ದಾಟಬಾರದು.

ಅಳೆಯೋದು ಎಷ್ಟು ಸೂಕ್ಷ್ಮ ನೋಡಿ. ಕಾಲರ್‌ಗೆ ಸಿಕ್ಕಿಸಿದ ಫಿಲ್ಟರ್ ಮೂಲಕ ಸೊಂಟದ ಪಂಪು ನಿಮಿಷಕ್ಕೆ 1.7 ಲೀಟರ್‌ನಂತೆ ಎಂಟು ಗಂಟೆ ಎಳೆದರೆ ಸಿಗೋದು 816 ಲೀಟರ್ ಗಾಳಿ. ಅಮೆರಿಕದ ಮಿತಿ ಘನಮೀಟರ್‌ಗೆ 0.05 ಮಿಲಿಗ್ರಾಂ. ಅಷ್ಟು ಕ್ವಾರ್ಟ್ಜ್ ಗಾಳಿಯಲ್ಲಿದ್ದರೂ ಫಿಲ್ಟರ್ ಮೇಲೆ ಕೂರುವುದು ಸುಮಾರು 0.04 ಮಿಲಿಗ್ರಾಂ, ಒಂದು ಉಪ್ಪಿನ ಹರಳಿಗಿಂತ ಜಾಸ್ತಿ ಇಲ್ಲ.

ಇನ್‌ಫ್ರಾರೆಡ್ ಬೆಳಕು ಹಾಯಿಸಿದಾಗ ಕ್ವಾರ್ಟ್ಜ್ 798 ಮತ್ತು 779ನೇ ವೇವ್‌ನಂಬರ್‌ನಲ್ಲಿ (ಸ್ಪೆಕ್ಟ್ರಂನಲ್ಲಿ ಜಾಗ ಹೇಳುವ ಅಂಕಿ) ಅವಳಿ ಗೆರೆ ಮೂಡಿಸುತ್ತೆ. ತೂಕ ಗೊತ್ತಿರುವ ಕ್ವಾರ್ಟ್ಜ್ ಇಟ್ಟು ಗೆರೆಯ ಎತ್ತರ ನೋಡಿ ಗ್ರಾಫ್ ಹಾಕುತ್ತಾರೆ, ಅದೇ ಕ್ಯಾಲಿಬ್ರೇಷನ್. ಆ 0.99 ಹೇಳೋದು ಇಷ್ಟೇ: ಶುದ್ಧ ಕ್ವಾರ್ಟ್ಜ್‌ನ ಬಿಂದುಗಳು ಒಂದೇ ಗೆರೆಯಲ್ಲಿ ಕೂತಿವೆ. ನಿಮ್ಮ ಧೂಳು ಶುದ್ಧ ಕ್ವಾರ್ಟ್ಜ್ ಅಲ್ವಲ್ಲ!

ಕಯೋಲಿನೈಟ್ ಜೇಡಿಯೂ ಅದೇ ಜಾಗದಲ್ಲಿ ಗೆರೆ ಮೂಡಿಸುತ್ತೆ. 915ರಲ್ಲಿ ಅದರದೇ ಒಂದು ಗೆರೆ ಇರೋದರಿಂದ ಲೆಕ್ಕ ಹಾಕಿ ಕಳೆಯಬಹುದು. ಫೆಲ್ಡ್‌ಸ್ಪಾರ್ ಅಷ್ಟು ಸುಲಭ ಅಲ್ಲ. ಅದಕ್ಕೇ ಈಗ ಎರಡೇ ಗೆರೆ ನೋಡದೆ ಇಡೀ ಸ್ಪೆಕ್ಟ್ರಂನಿಂದ ಅಂದಾಜಿಸುವ ಪಿಎಲ್‌ಎಸ್ ಎಂಬ ಲೆಕ್ಕ ಬಳಸುತ್ತಾರೆ. ಒಳ್ಳೇದೇ, ಆದರೆ ನಿಮ್ಮಂಥದೇ ಕಲ್ಲಿನ ಧೂಳಿನಿಂದ ಕಲಿಸಿದ್ದರೆ ಮಾತ್ರ. ಕಣದ ಗಾತ್ರವೂ ಹೊಂದಬೇಕು. ದಪ್ಪ ಪುಡಿಯಲ್ಲಿ ಅದೇ ತೂಕಕ್ಕೆ ಗೆರೆ ಗಿಡ್ಡವಾಗುತ್ತೆ.

ಹಾಗಾಗಿ ಲ್ಯಾಬ್‌ನವರನ್ನು ಹೀಗೆ ಕೇಳಿ: ಗ್ರಾಫ್‌ಗೆ ಬಳಸದ ಗ್ರಾನೈಟ್ ಧೂಳಿನಲ್ಲಿ ಪರೀಕ್ಷಿಸಿದಾಗ ಎಷ್ಟು ತಪ್ಪಿತು? ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ (ಎಕ್ಸ್‌ರೇ ಬಿಟ್ಟು ಖನಿಜ ಗುರುತಿಸುವ ಇನ್ನೊಂದು ವಿಧಾನ) ತಾಳೆ ನೋಡಿದ್ದೀರಾ? ಉತ್ತರ ಇಲ್ಲದಿದ್ದರೆ ಆ ರಿಪೋರ್ಟ್ ಹಿಡಿದು ಸುರಕ್ಷಿತ ಅಂತ ಯಾರಿಗೂ ಹೇಳಬೇಡಿ. ಉತ್ತರ ಬರೋವರೆಗೆ ಕಾಯಲೂಬೇಡಿ. ಇವತ್ತಿನಿಂದಲೇ ಒಣ ಕಟಿಂಗ್ ನಿಲ್ಲಿಸಿ, ಬ್ಲೇಡ್ ಮೇಲೆ ನೀರು ಬಿಡಿಸಿ.